ಕಷಾಯದ ಬೆನ್ನಿಗೆ ಮೆಂತೆ ಗಂಜಿ

ನೇತ್ರಾವತಿಯ ದಂಡೆಯ ನರಿಕೊಂಬು, ಪಾಣೆಮಂಗಳೂರು, ಬಂಟ್ವಾಳದ ಕಡೆ ಆಟಿ ಅಮಾವಾಸ್ಯೆಯ ಬೆಳಗ್ಗೆ ಹಳೆಯ ಕ್ರಮದ ಮನೆಗಳಲ್ಲಿ ದೋಸೆಯಿಲ್ಲ, ಕಡುಬಿಲ್ಲ. ಬರಿಹೊಟ್ಟೆಗೆ ಹಾಲೆ ಮರದ ಕೆತ್ತೆಯ ಕಷಾಯ, ಅದರ ಬೆನ್ನಿಗೆ ಬಿಸಿಬಿಸಿ ಮೆಂತೆ ಗಂಜಿ. ಅವತ್ತಿನ ಉಪಾಹಾರವೆಂದರೆ ಇಷ್ಟೇ. ಹತ್ತಿರದ ನರಹರಿ ಪರ್ವತದ ಸದಾಶಿವ ದೇವಸ್ಥಾನಕ್ಕೋ ಕಾರಿಂಜಕ್ಕೋ ತೀರ್ಥಸ್ನಾನಕ್ಕೆ ಹೊರಡುವವರು, ಅದರಲ್ಲೂ ಹೊಸದಾಗಿ ಮದುವೆಯಾದವರು, ಬೆಳಗಾಗುವ ಮೊದಲೇ ಎದ್ದಿರುತ್ತಾರೆ.

ಕಷಾಯದ ಬಗ್ಗೆ ಪ್ರತಿ ವರ್ಷ ಪುಟಗಟ್ಟಲೆ ಬರುತ್ತದೆ. ಗಂಜಿಗೆ ಸಿಗುವುದು ಒಂದು ಸಾಲು, ಅದೂ ‘ದೇಹ ತಂಪಾಗಲು’ ಎಂಬ ಟಿಪ್ಪಣಿಯಾಗಿ. ಇದು ಗಂಜಿಗೆ ಆಗುತ್ತಿರುವ ಅನ್ಯಾಯ. ಕರಾವಳಿಯ ಗಂಜಿಗಳ ಸಾಲಿನಲ್ಲಿ ಮೆಂತೆ ಗಂಜಿಗೆ ಮೊದಲ ಮಣೆ ಹಾಕಬೇಕು. ಕಹಿ, ಸಿಹಿ, ತೆಂಗಿನ ಜಿಡ್ಡು ಮೂರೂ ಒಂದೇ ಬಟ್ಟಲಲ್ಲಿ ಇಷ್ಟು ಹದವಾಗಿ ಕೂಡುವುದು ಅಪರೂಪ.

ಆದರೂ ಮೊದಲು ಕಷಾಯವೇ. ನಸುಕಿನಲ್ಲಿ ಮರದ ಬುಡಕ್ಕೆ ಹೋಗಿ ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುವುದು ಕ್ರಮ. ಹೊರಗಿನ ಒರಟು ಸಿಪ್ಪೆ ಹೆರೆದು, ಬೆಳ್ಳುಳ್ಳಿ, ಕರಿಮೆಣಸು, ಓಮ, ಅರಸಿನದ ಜೊತೆ ಅರೆದು ರಸ ಹಿಂಡುತ್ತಾರೆ. ಬೆಣಚುಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಆ ರಸಕ್ಕೆ ಹಾಕಿದಾಗ ಚೊಂಯ್ ಎಂದು ಏಳುವ ಹಬೆಯಲ್ಲಿ ಓಮ, ಬೆಳ್ಳುಳ್ಳಿಯ ಘಾಟು ಮನೆಯಿಡೀ ತುಂಬುತ್ತದೆ. ಈಗ ಕಲ್ಲಿನ ಬದಲು ಒಗ್ಗರಣೆ ಕೊಡುವವರೂ ಇದ್ದಾರೆ. ದೊಡ್ಡವರಿಗೆ ಅರ್ಧ ಸಣ್ಣ ಲೋಟ, ಮಕ್ಕಳಿಗೆ ಒಂದೆರಡು ಚಮಚ ಸಾಕು. ಬಸುರಿಯರಿಗೂ ಎಳೆಯ ಕೂಸುಗಳಿಗೂ ಕೊಡದಿರುವುದೇ ಸರಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕತ್ತಲಲ್ಲಿ ಹಾಲೆಯೆಂದು ಕಾಸರಕದ ಕೆತ್ತೆ ತಂದರೆ ಪ್ರಾಣಕ್ಕೇ ಅಪಾಯ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಕಡುವಿಷ. ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ನಾಲ್ಕರಿಂದ ಏಳರಷ್ಟು, ಕೊಡೆ ಬಿಡಿಸಿದಂತೆ ಹರಡಿರುತ್ತವೆ. ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡು, ಹಾಲು ಬರುವುದಿಲ್ಲ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿಡಬೇಕು, ಗೊತ್ತಿಲ್ಲದವರು ಗೊತ್ತಿದ್ದವರನ್ನು ಕರೆದೊಯ್ಯಬೇಕು. ಶಾಂತಿನಿಕೇತನದ ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಪದವೀಧರರ ಕೈಗೆ ಹಿಂದೆ ಕೊಡುತ್ತಿದ್ದುದೂ ಇದೇ ಹಾಲೆಯ, ಅಂದರೆ ಸಪ್ತಪರ್ಣಿಯ, ಎಲೆ. ಇದರ ತೊಗಟೆಯಲ್ಲಿ ಎಕಿಟಮಿನ್ ಎಂಬ ಆಲ್ಕಲಾಯ್ಡ್ ಇದೆ. 19ನೇ ಶತಮಾನದ ವೈದ್ಯರು ಮಲೇರಿಯಾಕ್ಕೆ ಕ್ವಿನೈನ್ ಬದಲು ಇದನ್ನೇ ಪ್ರಯೋಗಿಸಿ ನೋಡಿದ್ದರು. ಮಳೆ, ಸೊಳ್ಳೆ, ಜ್ವರ ಮೂರೂ ಒಟ್ಟಿಗೆ ಬರುವ ಆಟಿಯಲ್ಲಿ ಈ ಕಹಿಗೆ ಜಾಗ ಸಿಕ್ಕಿದ್ದು ಸಹಜ.

ಇನ್ನು ಗಂಜಿ. ನಾಲ್ಕು ಮಂದಿಗೆ ಒಂದು ಲೋಟ ಅಕ್ಕಿ, ಮೂರು ದೊಡ್ಡ ಚಮಚ ಮೆಂತೆ, ಒಂದು ತೆಂಗಿನಕಾಯಿ, ಸುಮಾರು 150 ಗ್ರಾಂ ಬೆಲ್ಲ. ಬೆಳ್ತಿಗೆ ಅಕ್ಕಿಯಾದರೆ ಗಂಜಿ ನಯ, ಕುಚ್ಚಲಕ್ಕಿಯಾದರೆ ಬಾಯಿಗೆ ಅಗುಳು ಸಿಗುತ್ತದೆ. ಈ ಅಂಕಣದ ಮತ ಕುಚ್ಚಲಕ್ಕಿಗೆ. ಬೇಯಲು ಹೊತ್ತು ಹೆಚ್ಚಾದರೂ ತಿಂದದ್ದು ಮಧ್ಯಾಹ್ನದವರೆಗೆ ನಿಲ್ಲುತ್ತದೆ. ಮೆಂತೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ನೆನೆಯದ ಮೆಂತೆ ಗಂಜಿಯಲ್ಲಿ ಬೆಂದರೂ ಗಟ್ಟಿ, ಕಹಿಯೂ ತೀಕ್ಷ್ಣ. ರಾತ್ರಿಯಿಡೀ ನೆನೆದ ಕಾಳು ಉಬ್ಬಿ, ಲೋಳೆ ಬಿಟ್ಟು, ಅಕ್ಕಿಯ ಜೊತೆ ಮೆತ್ತಗಾಗುತ್ತದೆ. ಗಂಜಿಗೆ ಮೈ ಬರುವುದು ಆ ಲೋಳೆಯಿಂದಲೇ, ಅದನ್ನು ತೊಳೆದು ಚೆಲ್ಲುವುದು ತಪ್ಪು.

ಅಕ್ಕಿ, ಮೆಂತೆ ಎರಡನ್ನೂ ಧಾರಾಳ ನೀರಿನಲ್ಲಿ ಬೇಯಿಸಿ. ಕಾಯಿತುರಿ ಅರೆದು ಮೊದಲು ದಪ್ಪ ಹಾಲು ಹಿಂಡಿ ತೆಗೆದಿಡಿ. ಅದೇ ಚರಟಕ್ಕೆ ನೀರು ಹಾಕಿ ಎರಡನೆಯ ತೆಳು ಹಾಲು ತೆಗೆಯಿರಿ. ಅನ್ನ ಅರಳಿದ ಮೇಲೆ ತೆಳು ಹಾಲು, ಪುಡಿಮಾಡಿದ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಕುದಿಸಿ. ಬೆಲ್ಲವನ್ನು ಮೊದಲೇ ಹಾಕುವ ಅವಸರ ಬೇಡ, ಅಕ್ಕಿ ಬೇಯದೆ ಬಿರುಸಾಗುತ್ತದೆ. ದಪ್ಪ ಹಾಲನ್ನು ಒಲೆಯಿಂದ ಇಳಿಸಿದ ಮೇಲೆಯೇ ಸೇರಿಸಬೇಕು. ಕುದಿ ಬಂದರೆ ಅದು ಒಡೆದು ಎಣ್ಣೆ ಬಿಡುತ್ತದೆ, ನಯವೆಲ್ಲ ಹೋಗುತ್ತದೆ. ಏಲಕ್ಕಿ ಹಾಕುವವರಿದ್ದಾರೆ, ಆದರೆ ಮೆಂತೆಯ ಪರಿಮಳಕ್ಕೆ ಅದು ಅಡ್ಡ. ಬೇಕೆನಿಸಿದರೆ ಕಾಯಿಯ ಜೊತೆ ಕಾಲು ಚಮಚ ಜೀರಿಗೆ ಅರೆದರೆ ಸಾಕು.

ಇತ್ತೀಚೆಗೆ ಸಂಘಸಂಸ್ಥೆಗಳ ‘ಆಟಿಡೊಂಜಿ ದಿನ’ ಕಾರ್ಯಕ್ರಮಗಳಲ್ಲಿ ಪತ್ರೊಡೆ, ಕಣಿಲೆ, ತಜಂಕ್ ಎಂದು ಹತ್ತಾರು ಬಗೆಯ ಊಟ ಬಡಿಸುತ್ತಾರೆ. ಒಳ್ಳೆಯದೇ. ಆದರೆ ನೇಜಿ ನೆಟ್ಟು ಮುಗಿದು ಕಣಜ ಖಾಲಿಯಾಗುತ್ತಿದ್ದ ಆ ತಿಂಗಳ ಅಸಲಿ ರುಚಿ ಸಿಗುವುದು ಮನೆಯ ಗಂಜಿಯಲ್ಲಿ. ಅದನ್ನು ಬಿಸಿಯಿರುವಾಗಲೇ ಉಣ್ಣಬೇಕು. ತಣಿದಂತೆ ಮೆಂತೆಯ ಲೋಳೆ ನೀರು ಹೀರಿ ಗಂಜಿ ಗಟ್ಟಿಯಾಗುತ್ತದೆ; ತೀರ್ಥಸ್ನಾನ ಮುಗಿಸಿ ತಡವಾಗಿ ಬರುವವರಿಗೆ ಬಿಸಿನೀರು ಬೆರೆಸಿ ಸಡಿಲಿಸಿ, ಬಡಿಸುವ ಮುಂಚೆ ಒಂದು ಸೌಟು ದಪ್ಪ ಹಾಲು ಸೇರಿಸಿ. ಅದಕ್ಕೆಂದು ಸ್ವಲ್ಪ ಹಾಲು ಬೇರೆಯಾಗಿ ತೆಗೆದಿಟ್ಟಿರಬೇಕು.