ಅಗಸಿ ಹಾಕಿದರೂ ತೆರೆದೇ ಇದ್ದ ದಿಡ್ಡಿ

ಡಾಕರ್‌ನಲ್ಲಿ ಕಂಟೇನರಿನ ಪೋರ್ಟನ್ನು ಹೊರಗೆ ತೆರೆಯುವಾಗ ಬರೆಯದೆ ಬಿಟ್ಟ ವಿಳಾಸವೇ ಹೆಚ್ಚಿನ ಅಪಾಯದ ಬೇರು. ‘5432:5432’ ಎಂದಷ್ಟೇ ಕೊಟ್ಟರೆ ಪೋಸ್ಟ್‌ಗ್ರೆಸ್ ಡೇಟಾಬೇಸು ಆ ಯಂತ್ರದ ಎಲ್ಲ ಐಪಿ ವಿಳಾಸಗಳಲ್ಲೂ ಸಿಗುತ್ತದೆ. ‘127.0.0.1:5432:5432’ ಎಂದು ಬರೆದರೆ ಅದೇ ಯಂತ್ರದ ಒಳಗಿನವರಿಗೆ ಮಾತ್ರ. ಡಾಕರ್ 28ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಇದಕ್ಕೂ ಪೂರ್ತಿ ಭರವಸೆಯಿಲ್ಲ: ಒಂದೇ ಸ್ಥಳೀಯ ಜಾಲದ ಪಕ್ಕದ ಯಂತ್ರ ಒಳಗೆ ಬರಬಹುದಿತ್ತು.

ಫೈರ್‌ವಾಲ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೈಕೊಡುತ್ತದೆ. ಕುಂದಗೋಳ ಸೀಮೆಯ ಹಳೆಯ ಊರುಗಳ ಅಗಸಿಯನ್ನು ನೆನೆದರೆ ಇದು ತಿಳಿಯುತ್ತದೆ. ಅಗಸಿಯ ಕದ ಎಷ್ಟೇ ಗಟ್ಟಿಯಿರಲಿ, ಗೋಡೆಯಲ್ಲೊಂದು ದಿಡ್ಡಿ ಬಾಗಿಲು ತೆರೆದಿದ್ದರೆ ಕಾವಲುಗಾರನಿಗೆ ಬಂದವರ ಸುಳಿವು ಹತ್ತದು. ಉಬುಂಟುವಿನ ಯುಎಫ್‌ಡಬ್ಲ್ಯು ಕಾಯುವುದು ಯಂತ್ರಕ್ಕೇ ಬರುವ ದಾರಿಯನ್ನು. ಡಾಕರ್ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆದು, ಬಂದ ಪ್ಯಾಕೆಟ್ಟಿನ ಗುರಿಯನ್ನು ಮೊದಲೇ ಬದಲಿಸಿ, ಬೇರೆ ದಾರಿಯಲ್ಲಿ ಕಂಟೇನರಿಗೆ ಕಳಿಸುತ್ತದೆ. ಯುಎಫ್‌ಡಬ್ಲ್ಯು ಪಟ್ಟಿಯಲ್ಲಿ ‘ನಿಷೇಧ’ ಎಂದಿದ್ದರೂ ಪೋರ್ಟು ತೆರೆದೇ ಇರುತ್ತದೆ. ತಡೆಯಬೇಕಾದರೆ ನಿಯಮವನ್ನು ಡಾಕರ್-ಯೂಸರ್ ಸರಪಳಿಯಲ್ಲಿ ಬರೆಯಬೇಕು. ಅಲ್ಲಿಯೂ ಒಂದು ಸೂಕ್ಷ್ಮವಿದೆ: ಆ ಹೊತ್ತಿಗೆ ಪೋರ್ಟಿನ ಸಂಖ್ಯೆ ಬದಲಾಗಿರುತ್ತದೆ, ಮೂಲ ಸಂಖ್ಯೆ ಬೇಕಿದ್ದರೆ ಸಂಪರ್ಕಗಳ ಲೆಕ್ಕವಿಡುವ ಕಾನ್‌ಟ್ರ್ಯಾಕ್‌ನಿಂದ ಕೇಳಿಕೊಳ್ಳಬೇಕು. ಕ್ಲೌಡ್ ಕಂಪನಿಯ ಫೈರ್‌ವಾಲ್ ಯಂತ್ರದ ಹೊರಗೇ ನಿಲ್ಲುವುದರಿಂದ ಡಾಕರ್‌ಗೆ ಅದನ್ನು ದಾಟಲಾಗದು.

ಎಲ್ಲಕ್ಕಿಂತ ಒಳ್ಳೆಯ ಪೋರ್ಟೆಂದರೆ ತೆರೆಯದ ಪೋರ್ಟು. ಆ್ಯಪ್ ಮತ್ತು ಡೇಟಾಬೇಸ್ ನಾವೇ ರಚಿಸಿದ ಒಂದೇ ಡಾಕರ್ ಜಾಲದಲ್ಲಿದ್ದರೆ ಹೆಸರು ಹಿಡಿದೇ ಮಾತಾಡಿಕೊಳ್ಳುತ್ತವೆ. ಹೊರಗೆ 443 ಒಂದಿದ್ದರೆ ಸಾಕು.

2375ನೇ ಪೋರ್ಟಿನ ಮಾತು ಬೇರೆ. ಅದು ಡಾಕರ್‌ನ ಆಳುವ ಬಾಗಿಲು. ಅಲ್ಲಿ ಗುರುತು ಕೇಳುವವರಿಲ್ಲ, ಹೊಕ್ಕವರಿಗೆ ಇಡೀ ಯಂತ್ರದ ರೂಟ್ ಅಧಿಕಾರ ದಕ್ಕುತ್ತದೆ. 2019ರಲ್ಲಿ ಗ್ರಾಬಾಯ್ಡ್ ಎಂಬ ಹುಳು ಹೀಗೆ ಬಯಲಿಗಿಟ್ಟ 2000ಕ್ಕೂ ಹೆಚ್ಚು ಡಾಕರ್ ಯಂತ್ರಗಳಿಗೆ ಹರಡಿ, ಮೊನೆರೊ ನಾಣ್ಯ ಗಣಿಗಾರಿಕೆಗೆ ಅವನ್ನು ದುಡಿಸಿಕೊಂಡಿತು. ದೂರದಿಂದ ನಡೆಸಲೇಬೇಕಿದ್ದರೆ ಎಸ್‌ಎಸ್‌ಎಚ್, ಇಲ್ಲವೇ ಎರಡೂ ಕಡೆ ಪ್ರಮಾಣಪತ್ರ ಕೇಳುವ 2376. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಭಾರತದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ.

‘ಡಾಕರ್ ಪಿಎಸ್’ ಕೊಟ್ಟಾಗ 0.0.0.0 ಇಲ್ಲವೇ [::] ಕಂಡ ಸಾಲುಗಳನ್ನೆಲ್ಲ ಅನುಮಾನದಿಂದ ನೋಡಬೇಕು. ಕೊನೆಯ ಪರೀಕ್ಷೆ ತೆರೆದ ಪೋರ್ಟು ಹುಡುಕುವ ಎನ್‌ಮ್ಯಾಪ್‌ನದು, ಅದೂ ಹೊರಗಿನಿಂದ. ಕುಂದಗೋಳದ ಮನೆಯಲ್ಲಿ ಕೂತು ದೂರದ ಕ್ಲೌಡ್ ಸರ್ವರ್ ನಡೆಸುವವರಿಗೆ ತಮ್ಮ ಮನೆಯೇ ಆ ಹೊರಗಿನ ಜಾಗ.