ಗೊಟ್ಟ ಎತ್ತುವ ಮೊದಲು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ಮೇಕೆಗೆ ಮುಪ್ಪು ಬರುವುದೇ ಅಪರೂಪ. ಹೋತ ಹಬ್ಬಕ್ಕೋ ಹರಕೆಗೋ ಹೋಗುತ್ತದೆ; ಹೆಣ್ಣು ಮೇಕೆ ನಾಲ್ಕೈದು ಸೂಲು ಮುಗಿಸುವಷ್ಟರಲ್ಲಿ ಸಂತೆಯ ದಾರಿ ಹಿಡಿಯುತ್ತದೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ವ್ಯಾಪ್ತಿಗೆ ಮೇಕೆ ಬರುವುದಿಲ್ಲ, ಆದ್ದರಿಂದ ಮುದಿಯಾದದ್ದನ್ನು ಮಾರಲು ಯಾರ ಅಡ್ಡಿಯೂ ಇಲ್ಲ. ಹಾಗಿದ್ದೂ ಹತ್ತು ವರ್ಷ ದಾಟಿದ ಮೇಕೆಯೊಂದು ಜಗಲಿ ಪಕ್ಕದ ಗೋಣಿಚೀಲದ ಮೇಲೆ ಕಾಯಿಲೆ ಬಿದ್ದು ಮಲಗಿದೆ ಎಂದರೆ, ಆ ಮನೆಯವರು ಬೇಕೆಂದೇ ಉಳಿಸಿಕೊಂಡಿದ್ದಾರೆ. ಅದರ ಮರಿ ಮಾರಿದ ದುಡ್ಡಿನಲ್ಲಿ ಮಗಳ ಓಲೆ ಬಂದಿರುತ್ತದೆ, ಮಗನ ಕಾಲೇಜು ಫೀಸು ಕಟ್ಟಿರುತ್ತಾರೆ. ಇಂಥ ಆರೈಕೆಯನ್ನು ವಿಮರ್ಶೆಗೆ ಎಳೆಯುವುದು ಒರಟುತನವೆಂದು ಕೆಲವರಿಗೆ ಅನ್ನಿಸಬಹುದು. ಆ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದರ ಕೈಯಲ್ಲಿರುವ ಗೊಟ್ಟದ, ಅಂದರೆ ಬಾಯಿಗೆ ಸುರಿಯುವ ಕೊಳವೆಯ, ಮೇಲೆ.

ಮೊದಲು ಒಪ್ಪಬೇಕಾದ್ದನ್ನು ಒಪ್ಪೋಣ. ಮೇಕೆ ಸಾಕಿದವರ ಕಣ್ಣು, ಕೈ ಬಹಳ ಚುರುಕು. ಕಿವಿಯ ಬುಡ ಮುಟ್ಟಿ ಜ್ವರ ಹೇಳುತ್ತಾರೆ, ಹಿಕ್ಕೆ ಕಾಳುಕಾಳಾಗಿದೆಯೋ ಮುದ್ದೆಯಾಗಿದೆಯೋ ನೋಡಿ ಹೊಟ್ಟೆಯ ಸ್ಥಿತಿ ಹೇಳುತ್ತಾರೆ, ರಾತ್ರಿ ಹಲ್ಲು ಕಡಿಯುವ ಸದ್ದು ಕೇಳಿ ಎಲ್ಲೋ ನೋವಿದೆ ಎನ್ನುತ್ತಾರೆ. ಕಣ್ಣಿನ ಕೆಳರೆಪ್ಪೆ ಎಳೆದು ಕೆಂಪಿದೆಯೋ ಬಿಳಿಚಿದೆಯೋ ನೋಡುವ ಹಿರಿಯರೂ ಇದ್ದಾರೆ. ದಕ್ಷಿಣ ಆಫ್ರಿಕಾದ ಪಶುವೈದ್ಯರು ಇದೇ ರೆಪ್ಪೆಯ ಬಣ್ಣವನ್ನು ಐದು ಮೆಟ್ಟಿಲಾಗಿ ವಿಂಗಡಿಸಿ ‘ಫಮಾಚ’ ಎಂಬ ಕಾರ್ಡು ಮಾಡಿದರು. ಹೊಟ್ಟೆಯೊಳಗಿನ ಜಂತು ಎಷ್ಟು ರಕ್ತ ಹೀರಿದೆ ಎಂಬುದನ್ನು ಈಗ ಎಷ್ಟೋ ದೇಶಗಳಲ್ಲಿ ಅದನ್ನು ಹಿಡಿದೇ ಅಂದಾಜು ಮಾಡುತ್ತಾರೆ. ನಮ್ಮಲ್ಲಿ ನೋಟವಿದೆ, ಅದರ ಮುಂದಿನ ಹೆಜ್ಜೆ ತಪ್ಪುತ್ತದೆ. ರೆಪ್ಪೆ ಸುಣ್ಣದಂತಿದ್ದು, ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿದ್ದರೂ ‘ವಯಸ್ಸಾಯ್ತು, ಸೊರಗಿದೆ’ ಎಂದು ಬಿಡುತ್ತಾರೆ. ಸರಿಯಾದ ಜಂತುನಾಶಕ ಬಿದ್ದರೆ ಏಳಬಹುದಾದ ಎಷ್ಟೋ ಮೇಕೆಗಳ ಸಾವು ಮುಪ್ಪಿನ ಲೆಕ್ಕಕ್ಕೆ ಹೋಗುತ್ತದೆ.

ಎಲ್ಲ ಕೆಡುವುದು ಬಾಯಿಯ ಹತ್ತಿರ. ತೂಬಗೆರೆ ಕಡೆಯ ಒಂದು ಮನೆಯಲ್ಲಿ ಕಂಡದ್ದು ಹೀಗೆ: ಮೇಕೆ ಪಕ್ಕಕ್ಕೆ ಮಲಗಿದೆ, ಅಜ್ಜಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂತಿಯನ್ನು ಆಕಾಶಕ್ಕೆ ಎತ್ತಿದ್ದಾಳೆ, ಮೊಮ್ಮಗ ಗಾಜಿನ ಕ್ವಾರ್ಟರ್ ಬಾಟಲಿಯಿಂದ ರಾಗಿ ಗಂಜಿ ಬಗ್ಗಿಸುತ್ತಿದ್ದಾನೆ. “ಮೂರು ದಿನದಿಂದ ಏನೂ ಮುಟ್ಟಿಲ್ಲ ಕಣಪ್ಪ, ಎರಡು ಗುಟುಕಾದ್ರೂ ಒಳಕ್ಕೋಗ್ಲಿ” ಎಂದಳು ಅಜ್ಜಿ. ಗಂಜಿ ಮೂಗಿನಿಂದಲೂ ಬರುತ್ತಿತ್ತು. ಹಿಂದೆ ಬಿದಿರಿನ ಗೊಟ್ಟ ಮಾಡುತ್ತಿದ್ದ ಕೆಲಸವನ್ನು ಈಗ ಬಾಟಲಿ ಮಾಡುತ್ತಿದೆ. ತಪ್ಪು ಮಾತ್ರ ಹಳೆಯದೇ. ಮೂತಿ ಬೆನ್ನಿನ ಮಟ್ಟಕ್ಕಿಂತ ಮೇಲೆದ್ದರೆ ನುಂಗುವುದು ಕಷ್ಟ, ಸುರಿದದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಎಣ್ಣೆಯಂತೂ ಇನ್ನೂ ಅಪಾಯ, ಕೆಮ್ಮು ಕೂಡ ಬರಿಸದೆ ನುಣ್ಣಗೆ ಶ್ವಾಸಕೋಶ ಸೇರುತ್ತದೆ. ಒಂದೆರಡು ದಿನದಲ್ಲಿ ಉಸಿರು ಗೊರಗೊರ ಎನ್ನತೊಡಗಿದಾಗ ಕಾಯಿಲೆ ಜಾಸ್ತಿಯಾಯಿತು ಎನ್ನುತ್ತಾರೆ. ಜಾಸ್ತಿಯಾದದ್ದಲ್ಲ, ಹೊಸ ಕಾಯಿಲೆಯನ್ನು ನಾವೇ ಕೊಟ್ಟದ್ದು.

ಕುಡಿಸಲೇಬೇಕಾದರೆ ಮೇಕೆಯನ್ನು ಎದೆಯ ಮೇಲೆ ಕೂರಿಸಿ, ಮೂತಿ ನೇರವಾಗಿಟ್ಟು, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಿಂದ ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟು, ನುಂಗುವ ತನಕ ಕಾಯಬೇಕು. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಬೇಕು. ನುಂಗಲಾರದ್ದಕ್ಕೆ ಏನನ್ನೂ ಹಾಕಬಾರದು.

ಇನ್ನು ಗಂಜಿಯ ವಿಚಾರ. ಕಾಯಿಲೆಯವರಿಗೆ ಮೆತ್ತಗೆ ಬೇಯಿಸಿ ಕೊಡುವುದು ಮನುಷ್ಯರ ಮಟ್ಟಿಗೆ ಸರಿ. ಮೇಕೆಯ ಹೊಟ್ಟೆ ನಡೆಯುವುದು ಅಗಿತದಿಂದ. ಅಗಿದಾಗ, ಮೆಲುಕು ಹಾಕಿದಾಗ ಬರುವ ಜೊಲ್ಲು ಸೋಡಾದ ಹಾಗೆ ಹುಳಿಯನ್ನು ಮುರಿಯುತ್ತದೆ. ಬೆಂದ ರಾಗಿಯನ್ನೋ ಅನ್ನವನ್ನೋ ಅಗಿಯಬೇಕಾಗಿಯೇ ಇಲ್ಲ. ಅದರ ಪಿಷ್ಟ ಬೇಗ ಹುಳಿಯಾಗಿ, ಮೊದಲೇ ಮೆಲುಕು ನಿಂತ ಹೊಟ್ಟೆ ಇನ್ನಷ್ಟು ಕೆಡುತ್ತದೆ. ಆಮೇಲೆ ಹುಳಿ ವಾಸನೆಯ ನೀರು ಭೇದಿ. ಮದುವೆ ಮನೆಯ ಅನ್ನ ತಿಂದು ಸತ್ತ ಮೇಕೆಯ ಕಥೆ ಇಲ್ಲಿ ಊರಿಗೊಂದಿದೆ. ಆದರೂ ಕಾಯಿಲೆಯ ಮೇಕೆಗೆ ಅದನ್ನೇ ಬಾಟಲಿಯಲ್ಲಿ ಕೊಡುತ್ತೇವೆ.

ಈ ಸೀಮೆಯಲ್ಲಿ ಸೊಪ್ಪಿಗೇನು ಬರ? ತೂಬಗೆರೆಯ ಹಲಸು ಬೆಂಗಳೂರಿಗೆ ಹಣ್ಣಿನಿಂದ ಗೊತ್ತು, ಮೇಕೆಗೆ ಎಲೆಯಿಂದ ಗೊತ್ತು. ರೇಷ್ಮೆ ಇರುವ ಊರುಗಳಲ್ಲಿ ಹಿಪ್ಪುನೇರಳೆ ಸಿಗುತ್ತದೆ. ಮೆದು ಎಲೆ, ಸತ್ವವೂ ಹೆಚ್ಚು. ಆಲ, ಬಸರಿ, ಅಗಸೆ ಇವೆ. ಕೊಂಬೆಯನ್ನು ನೆಲಕ್ಕೆ ಹಾಕದೆ ಮೂತಿಯ ಎತ್ತರಕ್ಕೆ ಕಟ್ಟಿದರೆ ನಿತ್ರಾಣದ ಮೇಕೆಯೂ ಒಮ್ಮೊಮ್ಮೆ ಬಾಯಿ ಹಾಕುತ್ತದೆ. ದವಡೆ ಹಲ್ಲು ಸವೆದಿದ್ದರೆ ಎಲೆಯನ್ನು ಬಿಡಿಸಿ ಕತ್ತರಿಸಿ ಕೊಡಬೇಕು. ಗಂಜಿ ಕಾಯಿಸುವುದಕ್ಕಿಂತ ಇದು ಹೆಚ್ಚು ಹೊತ್ತಿನ ಕೆಲಸ. ಯಾರ ಕಣ್ಣಿಗೂ ಔಷಧಿಯಂತೆ ಕಾಣುವುದಿಲ್ಲ ಎಂಬುದೇ ಇದರ ದೋಷ.

ನಾಟಿ ಔಷಧಿಯನ್ನು ಸಾರಾಸಗಟಾಗಿ ತಳ್ಳಿಹಾಕುವವನಲ್ಲ ನಾನು. ಯಲಹಂಕದ ಟಿ.ಡಿ.ಯು. ವಿಶ್ವವಿದ್ಯಾಲಯವೂ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಸೇರಿ ಪ್ರಚಾರ ಮಾಡಿದ ಮನೆಮದ್ದುಗಳಲ್ಲಿ ಕುಪ್ಪಿಗಿಡ, ಬೆಳ್ಳುಳ್ಳಿ, ಬೇವು, ಅರಿಶಿನವನ್ನು ಎಣ್ಣೆಯಲ್ಲಿ ಕಾಯಿಸಿ ಗೊರಸಿನ ಹುಣ್ಣಿಗೆ ಹಚ್ಚುವ ಕ್ರಮವಿದೆ. ಇಂಥ ಹೊರಗಿನ ಲೇಪ ಮನೆಯಲ್ಲಿ ಮಾಡಲು ತಕ್ಕದ್ದು. ತೊಡಕಿರುವುದು ಒಳಗೆ ಕೊಡುವ ಉಂಡೆಗಳಲ್ಲಿ. ಅಲ್ಲಿನ ಅಳತೆ ಹೆಚ್ಚಾಗಿ ಹಸುವಿನದು; ಸೊರಗಿದ ಮುದಿ ಮೇಕೆಯ ತೂಕ ಹಸುವಿನ ಹತ್ತರಲ್ಲಿ ಒಂದು ಪಾಲೂ ಬರುವುದಿಲ್ಲ. ಮೊಬೈಲಿನಲ್ಲಿ ಬಂದ ವಿಡಿಯೋ ನೋಡಿ ಅದೇ ಪ್ರಮಾಣ ಅರೆದು ತುರುಕಿದರೆ ಅದು ಪಾರಂಪರಿಕ ಜ್ಞಾನ ಎನ್ನಿಸಿಕೊಳ್ಳುವುದಿಲ್ಲ. ಬರೆ ಹಾಕುವುದನ್ನಂತೂ ಚರ್ಚಿಸುವುದೇ ಬೇಡ.

ನಿಜವಾದ ಶುಶ್ರೂಷೆ ಇರುವುದು ಮಲಗಿಸುವುದರಲ್ಲಿ, ಅದಕ್ಕೆ ನಮ್ಮಲ್ಲಿ ಬೆಲೆ ಕಡಿಮೆ. ಮೇಕೆ ಒಂದೇ ಮಗ್ಗುಲಾಗಿ ಚಾಚಿ ಮಲಗಿದರೆ ಹೊಟ್ಟೆಯ ಗಾಳಿ ತೇಗಾಗಿ ಹೊರಬರದೆ ಉಬ್ಬರಿಸುತ್ತದೆ. ರಾಗಿ ಹುಲ್ಲು ತುಂಬಿದ ಚೀಲಗಳನ್ನು ಎರಡೂ ಕಡೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಬೇಕು, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಂಗಾಲ ಸಂದಿಯನ್ನು ಒಣಗಿಸಿಡದಿದ್ದರೆ ನೊಣ ಕೂತು ಹುಳು ಬೀಳುತ್ತದೆ. ಇವಿಷ್ಟನ್ನು ಬೇಸರವಿಲ್ಲದೆ ಮಾಡುವ ಮನೆಗಳನ್ನು ಕಂಡಿದ್ದೇನೆ. ಅಲ್ಲಿ ಮೇಕೆ ಬದುಕಲಿ ಬಿಡಲಿ, ನರಳುವುದು ಕಡಿಮೆ.

ನೋವಿಗೆ ಏನು? ಮೆಡಿಕಲ್ ಶಾಪಿನಿಂದ ಮನುಷ್ಯರ ಡೈಕ್ಲೊಫೆನಾಕ್ ತಂದು ಪುಡಿ ಮಾಡಿ ಹಾಕುವುದುಂಟು. ಅದನ್ನು ತಿಂದ ಜಾನುವಾರು ಸತ್ತು ಕೆರೆ ಅಂಗಳದಲ್ಲಿ ಬಿದ್ದರೆ, ಆ ಹೆಣ ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಜಾನುವಾರುಗಳಿಗೆ ಆ ಔಷಧಿ 2006ರಲ್ಲೇ ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್, ಆ ಬಳಿಕ ನಿಮೆಸುಲೈಡ್ ಕೂಡ ಸೇರಿದವು. ರಣಹದ್ದಿನ ಮಾತು ನಮಗೆ ದೂರದ್ದಲ್ಲ. 2012ರಲ್ಲಿ ರಣಹದ್ದುಧಾಮವೆಂದು ಘೋಷಣೆಯಾದ ರಾಮದೇವರ ಬೆಟ್ಟವಿರುವ ರಾಮನಗರ 2007ರ ತನಕ ಈ ಸೀಮೆಯೊಂದಿಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ಮೆಲಾಕ್ಸಿಕಾಂ ರಣಹದ್ದಿಗೆ ಸುರಕ್ಷಿತ, ಮೇಕೆಯ ನೋವಿಗೂ ಆಗುತ್ತದೆ. ಪ್ರಮಾಣ ಹೇಳಬೇಕಾದವರು ದನದ ಡಾಕ್ಟರು.

ಡಾಕ್ಟರು ಬರುತ್ತಾರೆಯೇ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ, ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲೇ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಬರುವ ವ್ಯವಸ್ಥೆಯೂ ಇದೆ. ಸುಮಾರು ಒಂದು ಲಕ್ಷ ಜಾನುವಾರಿಗೆ ಒಂದು ವಾಹನ ಎಂಬುದು ಕೇಂದ್ರದ ಲೆಕ್ಕ. ಆ ಲಕ್ಷದ ಸರದಿಯಲ್ಲಿ ಹಾಲು ಕೊಡುವ ಹಸುವಿನ ಮುಂದೆ ಮುದಿ ಮೇಕೆ ಎಲ್ಲಿ ನಿಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅನುಗ್ರಹ ಯೋಜನೆಯ ಪರಿಹಾರವನ್ನು 2025–26ರ ರಾಜ್ಯ ಬಜೆಟ್ಟಿನಲ್ಲಿ ಮೇಕೆಗೆ 5,000ದಿಂದ 7,500 ರೂಪಾಯಿಗೆ ಏರಿಸಿದರು. ಒಳ್ಳೆಯದೇ. ಆದರೆ ಅದು ಆಕಸ್ಮಿಕ ಸಾವಿಗೆ ಸಿಗುವ ದುಡ್ಡು. ಸಾಯದಂತೆ ನೋಡಿಕೊಂಡ ದಿನಗಳಿಗೆ ಯಾವ ಯೋಜನೆಯಲ್ಲೂ ಒಂದು ಸಾಲಿಲ್ಲ.

ಗುಣವಾಗದು ಎಂದು ಗೊತ್ತಾದ ಮೇಲೆ ನಡೆಯುವುದು ಇನ್ನೂ ಕೆಟ್ಟದ್ದು. ನಿನ್ನೆ ಆಂಟಿಬಯಾಟಿಕ್ ಹಾಕಿಸಿದ್ದನ್ನು ಇವತ್ತು ಕಟುಕನಿಗೆ ಕೊಡುತ್ತಾರೆ. ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಬಿದ್ದ ಮೇಲೆ ಮಾಂಸಕ್ಕೆ ಮೂರು ನಾಲ್ಕು ವಾರ ಬಿಡುವು ಬೇಕು. ಮಾರಲು ಮನಸ್ಸಿಲ್ಲದವರು ತಾನಾಗಿ ಸಾಯಲಿ ಎಂದು ವಾರಗಟ್ಟಲೆ ಬಿಡುತ್ತಾರೆ. ಬದುಕಿಸಿಡುವುದೇ ಕ್ರೌರ್ಯವಾದಾಗ ಪ್ರಾಣಿಯನ್ನು ಕೊನೆಗಾಣಿಸಲು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಸೆಕ್ಷನ್ನೇ ದಾರಿ ಬಿಟ್ಟಿದೆ. ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್ ಕೇಳುವುದನ್ನು ಮಾತ್ರ ಪಾಪವೆಂದು ಬಗೆಯುತ್ತೇವೆ.

ಇನ್ನೊಂದು ತೊಡಕು ಮನೆಯೊಳಗಿನದು. ಮೇಕೆ ಸಾಕುವವರು ಹೆಚ್ಚಾಗಿ ಹೆಂಗಸರು, ವ್ಯವಹಾರ ಮಾತಾಡುವವರು ಗಂಡಸರು. ಡಾಕ್ಟರು ಬೈಕಿನಿಂದ ಇಳಿದರೆ ಎದುರು ನಿಲ್ಲುವವನು ಮಗ, ಅಜ್ಜಿ ಬಾಗಿಲ ಹಿಂದೆ. ಮೆಲುಕು ಯಾವತ್ತು ನಿಂತಿತು, ರಾತ್ರಿ ಹಲ್ಲು ಕಡಿಯಿತೇ, ಹಲಸಿನ ಸೊಪ್ಪು ಕಂಡರೆ ಈಗಲೂ ಕತ್ತೆತ್ತುತ್ತದೆಯೇ ಎಂದು ಕೇಳಿದರೆ ಅವನು ತಲೆ ಕೆರೆದುಕೊಳ್ಳುತ್ತಾನೆ. ಉತ್ತರ ಗೊತ್ತಿರುವುದು ಅಜ್ಜಿಗೆ. ಮುಂದೇನು ಎಂದು ಕೇಳಬೇಕಾದ್ದೂ ಅವಳನ್ನೇ.