‘ಜನತಾ’ ಗಡಿಯಾರವೂ ಔಚಿತ್ಯವೂ

ಹಳೆಯ ಕೈಗಡಿಯಾರಗಳ ಮಾತು ಬಂದರೆ ನಮ್ಮ ರಸಿಕರು ಸ್ವಿಟ್ಜರ್ಲೆಂಡಿನ ಕಡೆಗೆ ಮುಖ ಮಾಡುವುದು ವಾಡಿಕೆ. ಅಷ್ಟು ದೂರ ಹೋಗಬೇಕಾಗಿಲ್ಲ. ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಆ ಸಂಸ್ಥೆಯ ‘ಜನತಾ’ ಗಡಿಯಾರ, ಅದರಲ್ಲಿಯೂ ಕೆಡದೆ ಉಳಿದುಬಂದ ಒಂದು, ವಿಮರ್ಶಕನ ಗಮನಕ್ಕೆ ಅರ್ಹವಾದ ವಸ್ತು.

ಅದರಲ್ಲಿ ಇರುವುದಾದರೂ ಏನು? ಬಿಳಿಯ ಡಯಲು, ಗಂಟೆಯ ಗುರುತುಗಳು, ಮೂರು ಮುಳ್ಳುಗಳು. ತಾರೀಖಿನ ಕಿಂಡಿಯಿಲ್ಲ, ಥಳಕಿಲ್ಲ. ಸುಮಾರು 35 ಮಿಲಿಮೀಟರ್ ಅಗಲದ ಒಡಲು ಅಂಗಿಯ ತೋಳಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರ ಹೇಳಿದ. ಮದುವೆಮನೆಗೂ ಕಚೇರಿಗೂ ಒಪ್ಪುವ ಈ ಗಡಿಯಾರ ಅದೇ ತತ್ತ್ವವನ್ನು ಉಕ್ಕಿನಲ್ಲಿ ಸಾಧಿಸಿದೆಯೆಂದರೆ ಅತಿಶಯೋಕ್ತಿಯಾಗದು.

ಕಾಲವನ್ನು ತಿಳಿಸುವುದರಲ್ಲಿ ಇಂದಿನ ಅಗ್ಗದ ಕ್ವಾರ್ಟ್ಸ್ ಗಡಿಯಾರವೂ ಇದನ್ನು ಸೋಲಿಸುತ್ತದೆ. ಒಳಗೆ 17 ಹರಳುಗಳು, ಸೆಕೆಂಡಿಗೆ 5 ಬಡಿತ, ದಿನವೂ ತಪ್ಪದೆ ಕೀ ಕೊಡಬೇಕಾದ ಕಟ್ಟುಪಾಡು. ಆದ್ದರಿಂದ ಇದರ ಸೊಗಸನ್ನು ನಿಖರತೆಯಲ್ಲಿ ಹುಡುಕಬಾರದು. ದಶಕಗಳ ಬಳಕೆಯನ್ನು ತಾಳಿಕೊಂಡೂ ಮೊದಲಿನ ಮುಖವನ್ನು ಉಳಿಸಿಕೊಂಡಿರುವುದರಲ್ಲಿ ಅದು ಇದೆ. ಬಿಳುಪು ತುಸು ಕೆನೆಬಣ್ಣಕ್ಕೆ ತಿರುಗಿದ್ದರೂ ಅಚ್ಚಿನ ಅಕ್ಷರ ಚೂಪಾಗಿದೆ. ಒಡಲಿನ ಅಂಚುಗಳು ಉಜ್ಜಿ ಸವೆದಿಲ್ಲ. ಕೊಂಡವರು ಅದನ್ನು ಜೋಪಾನ ಮಾಡಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಸಾಕ್ಷಿಗೇ ಈಗ ಅಪಾಯ ಬಂದಿದೆ. ಮಾರುಕಟ್ಟೆಯಲ್ಲಿ ‘ಹೊಸದರಂತೆ’ ಹೊಳೆಯುವ ಹಳೆಯ ಗಡಿಯಾರಗಳಲ್ಲಿ ಅನೇಕವು ಡಯಲಿಗೆ ಮತ್ತೆ ಬಣ್ಣ ಬಳಿಸಿಕೊಂಡು ಬಂದವು. ಸೂಕ್ಷ್ಮವಾಗಿ ನೋಡಿದರೆ ಅಕ್ಷರಗಳು ದಪ್ಪ, ನಿಮಿಷದ ಗೆರೆಗಳು ಓರೆ. ಕೆಲವಕ್ಕೆ ಕಾರ್ಖಾನೆ ಎಂದೂ ಬಳಸದ ಬಣ್ಣ. ತಾಳೆಗರಿಯಲ್ಲಿ ಅಳಿಸಿಹೋದ ಸಾಲಿನ ಜಾಗದಲ್ಲಿ ಸಂಪಾದಕನೊಬ್ಬ ತನ್ನದೇ ಸಾಲನ್ನು ಸೇರಿಸಿ, ಸೇರಿಸಿದೆನೆಂದು ತಿಳಿಸದೆ ಅಚ್ಚುಹಾಕಿಸಿದರೆ ನಾವು ಒಪ್ಪುತ್ತೇವೆಯೆ?

ಕೈಗೆ ಕಟ್ಟಿಕೊಳ್ಳಲು ಅಂದವಾಗಿದ್ದರೆ ಸಾಲದೆ ಎಂದು ಕೇಳುವವರುಂಟು. ಅವರಿಗೆ ಹೊಸ ಗಡಿಯಾರಗಳು ಬೇಕಾದಷ್ಟಿವೆ. ಹಳೆಯದನ್ನು ಬಯಸುವವನು ಅದರ ಕಾಲವನ್ನೂ ಬಯಸುತ್ತಾನೆ. ಬಣ್ಣ ಬಳಿದಾಗ ಅಳಿಸಿಹೋಗುವುದು ಅದೇ. ಎಚ್.ಎಂ.ಟಿ.ಯ ಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿದ ಮೇಲೆ ಈ ಗಡಿಯಾರಗಳಿಗೆ ಬೇಡಿಕೆ ಹೆಚ್ಚಿತು; ಬಣ್ಣ ಬಳಿಯುವವರ ಕೈಗೂ ಕೆಲಸ ಹೆಚ್ಚಿತು.

ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳ ಬೀರುಗಳಲ್ಲಿ ತಂದೆಯದೋ ತಾತನದೋ ಒಂದು ‘ಜನತಾ’ ನಿಂತುಹೋಗಿ ಮಲಗಿರಬಹುದು. ವಾಚಕರು ಅದನ್ನು ಹೊರತೆಗೆದು, ನಂಬಿಕೆಯ ರಿಪೇರಿಯವನಿಂದ ಶುಚಿಗೊಳಿಸಿ ಎಣ್ಣೆ ಹಾಕಿಸಲಿ. ಗೀಚುಬಿದ್ದ ಗಾಜನ್ನು ಬೇಕಾದರೆ ಬದಲಾಯಿಸಲಿ. ಡಯಲನ್ನು ಮಾತ್ರ ಮುಟ್ಟಗೊಡದಿರಲಿ.